ಅಣುಧೂಳಿಗೆ ಹನಿಮದ್ದು ಮಾರಿದ ಕಾಲ

ಔಷಧ ಕಂಪನಿಯ ಬ್ಯಾಗು ಹಿಡಿದು ಡಾಕ್ಟರ ಬಾಗಿಲು ಕಾಯುವ ಕೆಲಸಕ್ಕೆ ಈಗ ಸೇರುವ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಏರಿಯಾ ಮ್ಯಾನೇಜರ್ ಯಾವಾಗ ಆದಿರಿ, ಕಂಪನಿ ಕಾರು ಯಾವಾಗ ಕೊಟ್ಟಿತು ಎಂದು ಕೇಳುತ್ತಾರೆ. ಆದೆ, ಕೊಟ್ಟಿತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಈ ಕೆಲಸದ ಮುಕ್ಕಾಲು ಪಾಲು ಬೆಂಚಿನ ಮೇಲೆ ಕೂರುವುದು. ಪಕ್ಕದಲ್ಲಿ ಕೆಮ್ಮುವವರು, ಎದುರಿಗೆ ಅಳುವ ಮಕ್ಕಳು, ನಡುವೆ ಟೈ ಕಟ್ಟಿಕೊಂಡು ಕಾಯಿಲೆಯಿಲ್ಲದ ನೀವು. ಮದರಾಸಿನ ಬೆಂಚುಗಳ ಮೇಲೆ ನಾನು ಕೂತ ಹೊತ್ತನ್ನೆಲ್ಲ ಒಟ್ಟು ಸೇರಿಸಿದರೆ ಒಂದು ಮೊಟ್ಟೆ ಮರಿಯಾಗಿ, ಕೋಳಿಯಾಗಿ, ಅಜ್ಜಿಯೂ ಆಗಬಹುದಿತ್ತು.

ಕೆಲಸಕ್ಕೆ ಸೇರಿದಾಗ ನನಗೆ ಹತ್ತೊಂಬತ್ತು. ನಮ್ಮದು ಉಡುಪಿ ಕಡೆಯ ಮನೆತನ. ಅಪ್ಪ ಮದರಾಸಿನ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ನನ್ನ ಕಂಪನಿ ಇದ್ದದ್ದು ಬಂದರಿನ ಹತ್ತಿರದ ಒಂದು ಗಲ್ಲಿಯಲ್ಲಿ. ಕೆಮ್ಮಿನ ಟಾನಿಕ್, ಮೀನೆಣ್ಣೆ, ಕ್ಯಾಲ್ಸಿಯಂ ಮಾತ್ರೆ ಇವು ಮೂರೇ ನಮ್ಮ ಸಂಪತ್ತು. ಸೇಲ್ಸ್ ಮ್ಯಾನೇಜರ್ ದೊರೈಸ್ವಾಮಿ ಸಂದರ್ಶನದಲ್ಲಿ, ‘ಇಂಗ್ಲಿಷಿನಲ್ಲಿ ಏನಾದರೂ ಮಾತಾಡು’ ಎಂದರು. ಶಾಲೆಯ ಪುಸ್ತಕದಲ್ಲಿದ್ದ ಸಾಬೂನು ತಯಾರಿಸುವ ವಿಧಾನವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ನಾನು ನಿಲ್ಲಿಸಿದಾಗ ಅವರಿಗೇ ಉಸಿರು ಕಟ್ಟಿತ್ತು. ಕೆಲಸ ಸಿಕ್ಕಿತು.

ಟೈಯನ್ನು ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡೆ. ಯಾವನೋ ಆರೂವರೆ ಅಡಿಯ ದೊರೆ ಬಿಟ್ಟುಹೋದದ್ದಿರಬೇಕು, ನನ್ನ ಬೆಲ್ಟು ದಾಟಿ ಕೆಳಗಿಳಿಯುತ್ತಿತ್ತು. ಸೈಕಲ್ ಹತ್ತಿದಾಗ ಅದರ ತುದಿಯನ್ನು ಅಂಗಿಯ ಗುಂಡಿಗಳ ನಡುವೆ ತುರುಕಿಕೊಳ್ಳುತ್ತಿದ್ದೆ. ಮರೆತ ದಿನ ಚೈನು ಅದನ್ನು ಹಿಡಿದೆಳೆದು, ಕೋಡಂಬಾಕ್ಕಂ ರಸ್ತೆಯ ನಡುವೆ ನಾನು ಹ್ಯಾಂಡಲ್ಲಿಗೆ ಸಾಷ್ಟಾಂಗ ಹಾಕಿದ್ದುಂಟು.

ನನ್ನ ಸರಹದ್ದಿನಲ್ಲಿ ಎಲ್ಲರೂ ಹೆದರುತ್ತಿದ್ದ ಡಾಕ್ಟರು ಒಬ್ಬರಿದ್ದರು, ಕಮಲಮ್ಮ. ಮೈಸೂರಿನವರು, ಹೆರಿಗೆಯ ಡಾಕ್ಟರು, ಕೋಡಂಬಾಕ್ಕಂನಲ್ಲಿ ಸ್ವಂತ ಕ್ಲಿನಿಕ್ಕು. ಒಂದು ಸಲ ನಾನು ಬ್ಯಾಗು ತೆರೆಯುವ ಮೊದಲೇ ಕಿಟಕಿಯ ಮೇಲಿದ್ದ ಗಾಜಿನ ಲೋಟವನ್ನು ತಂದು ಮೇಜಿನ ಮೇಲಿಟ್ಟರು. ಹೊಟ್ಟೆಯ ಹುಳಿಯ ಬದಲಿಗೆಂದು ಅದಕ್ಕೆ ತುಂಬಿದ್ದ ವಿನೆಗರಿನ ತಳದಲ್ಲಿ ನಮ್ಮ ಕ್ಯಾಲ್ಸಿಯಂ ಮಾತ್ರೆ ನದಿಯ ಬೆಣಚುಕಲ್ಲಿನ ಹಾಗೆ ಕೂತಿತ್ತು.

“ಏನಯ್ಯಾ, ನೋಡು ನಿನ್ನ ಮಾತ್ರೆ. ನೀನು ಹೋದ್ಸಲ ಬಂದಾಗ ಹಾಕಿದ್ದು. ಲೋಟ ಕರಗಿದ್ರೂ ಕರಗಬಹುದು, ಇದು ಕರಗಲ್ಲ ಕಣಯ್ಯ.”

“ಮೇಡಂ, ಅದು ನಿಧಾನವಾಗಿ ಕೆಲಸ ಮಾಡೋ ಮಾತ್ರೆ.”

“ಎಷ್ಟು ನಿಧಾನ? ಬಸುರಿ ಅಜ್ಜಿಯಾದ ಮೇಲಾ?”

ಲಾರಿಯಲ್ಲಿ ಹೋಗುವಾಗ ಒಡೆಯಬಾರದೆಂದು ನಮ್ಮ ಕಾರ್ಖಾನೆಯಲ್ಲಿ ಮಾತ್ರೆಯನ್ನು ಬಲವಾಗಿ ಒತ್ತುತ್ತಿದ್ದರು. ಒಡೆಯುತ್ತಿರಲಿಲ್ಲ ನಿಜ, ಹೊಟ್ಟೆಯಲ್ಲೂ ಒಡೆಯುತ್ತಿರಲಿಲ್ಲ. ನಾನು ಹೋಗಿ ಹೇಳಿದ ಮೇಲೆ ಮೆತ್ತಗೆ ಒತ್ತಿದರು. ಆಗ ಮಾತ್ರೆಗಳು ಬ್ಯಾಗಿನಲ್ಲೇ ಪುಡಿಯಾಗಿ, ನಾನು ಡಾಕ್ಟರ ಮುಂದೆ ಹಿಟ್ಟಿನ ಗಿರಣಿಯಿಂದ ಓಡಿ ಬಂದವನ ಹಾಗೆ ನಿಲ್ಲುತ್ತಿದ್ದೆ. ಎರಡಕ್ಕೂ ನಡುವಿನ ಹದ ಸಿಗಲು ಬಹಳ ಕಾಲ ಹಿಡಿಯಿತು. ಈಗ ಎಲ್ಲ ಮಾತ್ರೆಗಳೂ ಪಟ್ಟಿಯಲ್ಲಿ ಬರುತ್ತವೆ, ಒಂದೊಂದಕ್ಕೂ ಒಂದೊಂದು ಕೋಣೆ. ನಿಮಗೆ ಈ ಕಷ್ಟ ಗೊತ್ತಾಗುವುದಿಲ್ಲ.

ಅದೇ ಕಾಲಕ್ಕೆ ಅಮೆರಿಕದವರೂ ರಷ್ಯದವರೂ ಸರದಿಯ ಮೇಲೆ ಅಣುಬಾಂಬು ಸಿಡಿಸಿ ನೋಡುತ್ತಿದ್ದರು. ಅದರ ಧೂಳು ಆಕಾಶಕ್ಕೇರಿ, ಗಾಳಿಯಲ್ಲಿ ದೇಶದೇಶ ಸುತ್ತಿ, ಮಳೆಯೊಂದಿಗೆ ಇಳಿಯುತ್ತದೆ, ಹುಲ್ಲಿಗೆ ಬಿದ್ದು ಹಸುವಿನ ಹಾಲಿಗೆ ಬರುತ್ತದೆ, ಎಲುಬಿನಲ್ಲಿ ಕೂರುತ್ತದೆ, ಕುತ್ತಿಗೆಯ ಗ್ರಂಥಿಯಲ್ಲಿ ಕೂರುತ್ತದೆ ಎಂದು ಪೇಪರಿನಲ್ಲಿ ಬಂತು. ಮದರಾಸಿನಲ್ಲಿ ಮೊದಲ ಮಳೆ ಬಿದ್ದರೆ ಸೂರಿನ ಕೆಳಗೆ ಕೊಡಗಳ ಸಾಲು ನಿಲ್ಲುತ್ತಿತ್ತು. ಆ ವರ್ಷ ನಮ್ಮ ವಠಾರದಲ್ಲಿ ಒಂದು ಲೋಟವನ್ನೂ ಇಡಲಿಲ್ಲ. ಮೈಮೇಲೆ ನಾಲ್ಕು ಹನಿ ಬಿದ್ದದ್ದಕ್ಕೆ ಎದುರುಮನೆಯವರು ಸೀಗೆಪುಡಿ ಹಾಕಿ ಚರ್ಮ ಸುಲಿಯುವಂತೆ ಉಜ್ಜಿಕೊಂಡರು. ಅವರ ಬಣ್ಣ ತಿಳಿಯಾದದ್ದೊಂದೇ ಲಾಭ.

ದೊರೈಸ್ವಾಮಿ ನನ್ನನ್ನು ಕರೆದು, “ತಂಬಿ, ಇದು ನಮ್ಮ ಸೀಸನ್” ಎಂದರು. ಒಂದು ರಟ್ಟಿನ ಡಬ್ಬಿ ತಯಾರಾಯಿತು. ಒಳಗೆ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಮಾತ್ರೆ, ಪುಟ್ಟ ಕಂದು ಸೀಸೆಯಲ್ಲಿ ಅಯೋಡಿನ್ ಹನಿ. ಮುಚ್ಚಳದ ಮೇಲೆ ಒಂದು ಸಂಸಾರ ದೊಡ್ಡ ಕೊಡೆಯಡಿ ನಗುತ್ತ ನಿಂತಿದೆ, ಮೇಲಿನಿಂದ ಧೂಳು ಜಾರಿ ಹೋಗುತ್ತಿದೆ. ಹೆಸರು ‘ಕವಚ’. ಅದನ್ನು ಮೊದಲು ತೋರಿಸಿದ್ದು ಕಮಲಮ್ಮನವರಿಗೆ. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಕೊಡೆ ಚಿತ್ರ ಚೆನ್ನಾಗಿದೆ. ಕೊಡೆನೇ ಮಾರು, ಮಳೆಗಾದ್ರೂ ಆಗುತ್ತೆ” ಎಂದು ವಾಪಸ್ಸು ಕೊಟ್ಟರು. ಬೇರೆ ಡಾಕ್ಟರುಗಳು ಅಷ್ಟನ್ನೂ ಹೇಳಲಿಲ್ಲ.

ಡಾಕ್ಟರು ಬರೆಯದಿದ್ದರೆ ಬೇಡ, ನೇರವಾಗಿ ಜನಕ್ಕೆ ಮಾರು ಎಂದು ಮ್ಯಾನೇಜರ್ ಹೇಳಿದರು. ಮದರಾಸಿನಲ್ಲಿ ಉಡುಪಿ ಕಡೆಯವರ ಹೋಟೆಲಿಲ್ಲದ ಬೀದಿಯಿಲ್ಲ, ಒಳಗೆ ಹೋದರೆ ಯಾರಾದರೊಬ್ಬರು ನಮ್ಮ ಊರಿನವರೇ. ಒಂದು ಡಬ್ಬಿ ಮಾರುವಷ್ಟರಲ್ಲಿ ನಾಲ್ಕು ಕಾಫಿ ಬಲವಂತಕ್ಕೆ ಕುಡಿಯಬೇಕು. ನನ್ನ ಮೈಯಲ್ಲಿ ಆಗ ಓಡುತ್ತಿದ್ದದ್ದು ರಕ್ತವಲ್ಲ, ಡಿಕಾಕ್ಷನ್ನು.

ಮಾರಲು ನಾನೇ ಒಂದು ವಿವರಣೆ ಕಟ್ಟಿಕೊಂಡಿದ್ದೆ. ಎಗ್ಮೋರಿನಲ್ಲಿ ರೈಲು ಬಂದು ನಿಂತೊಡನೆ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಕುತ್ತಿಗೆಯ ಗ್ರಂಥಿಗೆ ಅಯೋಡಿನ್ ಬೇಕು. ಒಳ್ಳೆಯ ಅಯೋಡಿನ್ ಯಾವುದು, ಬಾಂಬಿನ ಧೂಳಿನಲ್ಲಿರುವುದು ಯಾವುದು ಎಂದು ಅದಕ್ಕೆ ತಿಳಿಯದು. ಮೊದಲು ಬಂದವರಿಗೆ ಜಾಗ. ನಮ್ಮ ಹನಿ ಕುಡಿದು ಟವೆಲ್ ಹಾಕಿಟ್ಟರೆ ಕೆಟ್ಟದ್ದಕ್ಕೆ ಕೂರಲು ಸೀಟೇ ಇಲ್ಲ. ಇದನ್ನು ಹೇಳುವಾಗ ಕೊರಳಿನ ಟೈ ಬಿಚ್ಚಿ ಮೇಜಿನ ಮೇಲೆ ಎಸೆದೂ ತೋರಿಸುತ್ತಿದ್ದೆ. ಒಮ್ಮೆ ಅದು ಸಾಂಬಾರಿಗೆ ಬಿತ್ತು. ಆದರೂ ಡಬ್ಬಿ ಹೋಯಿತು.

ವಡಪಳನಿಯ ದೇವಸ್ಥಾನದ ಹತ್ತಿರ ಶೇಷಗಿರಿ ರಾಯರ ಹೋಟೆಲಿತ್ತು. ಕೆಳಗೆ ಹೋಟೆಲು, ಮೇಲೆ ಮನೆ. ಸುತ್ತ ಸಿನೆಮಾ ಸ್ಟುಡಿಯೋಗಳು, ಹಾಗಾಗಿ ಬೆಳಗಿನ ತಿಂಡಿಗೆ ರಾಜರೂ ಮಂತ್ರಿಗಳೂ ರಾಕ್ಷಸರೂ ಒಂದೇ ಮೇಜಿನಲ್ಲಿ ಕೂರುತ್ತಿದ್ದರು. ರಾಯರು ಅಪ್ಪನ ಬಾಲ್ಯದ ಗೆಳೆಯರು.

“ಟೈ ಎಂತಕ್ಕಾ ನಿಂಗೆ? ಈ ಬಿಸಿಲಿಗೆ ಉಸಿರು ಕಟ್ಟುದಿಲ್ವಾ?” ಎಂದು ನಗುತ್ತಲೇ ಕೂರಿಸಿದರು. ನನ್ನ ರೈಲು, ಟವೆಲು, ಸೀಟು ಎಲ್ಲ ಮುಗಿಯುವ ತನಕ ಚಿಲ್ಲರೆ ಎಣಿಸುತ್ತಿದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು. “ಹೊಟ್ಟೆಯಲ್ಲಿರುವ ಮಗುವಿಗೂ ಸೀಟು ಸಿಗ್ತದಾ?”

“ಒಂದೇ ಟಿಕೆಟಿಗೆ ಎರಡು ಸೀಟು ರಾಯರೇ” ಎಂದೆ.

ಅವರ ಒಬ್ಬಳೇ ಮಗಳು ಸುಮತಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಗಂಡ ಶ್ರೀಪತಿ ಎಗ್ಮೋರಿನಲ್ಲಿ ರೈಲ್ವೆ ಆಫೀಸಿನಲ್ಲಿದ್ದ. ಸಂಜೆಯಾದರೆ ಇಲ್ಲಿಗೇ ಬರುತ್ತಿದ್ದ. ಇದಕ್ಕೆ ಮೊದಲು ಎರಡು ಸಲ ಸುಮತಿಯ ಬಸುರು ನಿಂತಿರಲಿಲ್ಲ. ಇದು ಮೂರನೆಯದು. ಇದನ್ನು ನನಗೆ ಹೇಳಿದ್ದು ಅಪ್ಪ. ಆ ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಬಸುರಿಯಿರುವ ಮನೆಯಲ್ಲಿ ಭಯವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮವರಲ್ಲಿಲ್ಲ. ಅಣುಧೂಳು ಹೊಟ್ಟೆಯಲ್ಲಿರುವ ಕೂಸಿಗೇ ಹೆಚ್ಚು ಕೆಟ್ಟದ್ದು ಎಂದು ಪೇಪರಿನಲ್ಲಿ ಬಂದದ್ದನ್ನು ಮಾತ್ರ ಎಲ್ಲರೂ ಓದಿದ್ದರು. ಒಬ್ಬರು ಓದಿದ್ದು ಇನ್ನೊಬ್ಬರಿಗೆ ತಿಳಿಯಬಾರದೆಂದು ಮಡಿಸಿಯೂ ಇಟ್ಟಿದ್ದರು.

ರಾಯರು ಡಬ್ಬಿ ಕೊಂಡರು. ಮುಂದಿನ ಸಲ ಹನಿಯ ಸೀಸೆಗಳನ್ನೇ ಬೇರೆಯಾಗಿ ಕೇಳಿದರು. ಅದರ ಮುಂದಿನ ಸಲ ಇನ್ನಷ್ಟು. ಹೋಟೆಲಿನ ಕೆಲಸದವರಿಗೆಲ್ಲ ಕೊಡುತ್ತಿರಬೇಕು ಎಂದುಕೊಂಡೆ. ಆಫೀಸಿನಲ್ಲಿ ದೊರೈಸ್ವಾಮಿ ನನ್ನನ್ನು ನಿಲ್ಲಿಸಿ, ‘ಮಾರುವುದೆಂದರೆ ಇವನನ್ನು ನೋಡಿ ಕಲಿಯಿರಿ’ ಎಂದು ಬೇರೆಯವರಿಗೆ ತೋರಿಸಿದರು. ಆ ವಾರ ನಾನು ಸೈಕಲನ್ನು ಒಂದೇ ಕೈಯಲ್ಲಿ ಓಡಿಸಿದೆ.

ಮಳೆ ಹಿಡಿದ ದಿನಗಳಲ್ಲಿ ಒಂದು ಬೆಳಿಗ್ಗೆ ಆರ್ಡರು ಕೇಳಲು ಅಲ್ಲಿಗೆ ಹೋದೆ. ಹಿಂದಿನ ದಿನವಷ್ಟೇ, ರಷ್ಯದವರು ಇದುವರೆಗೆ ಯಾರೂ ಸಿಡಿಸದಷ್ಟು ದೊಡ್ಡ ಬಾಂಬು ಸಿಡಿಸಿದರೆಂದು ಪೇಪರು ಕಿರುಚಿತ್ತು. ಹೋಟೆಲು ತುಂಬಿತ್ತು. ಒಳಗಿನಿಂದ ಇಡ್ಲಿ ಹಬೆಯಾಡುತ್ತ ಬಂತು, ಮಲ್ಲಿಗೆಯ ಹಾಗೆ ಬೆಳ್ಳಗೆ. ನನ್ನೆದುರಿಗೆ ಕೂತಿದ್ದವನು ಯಾವುದೋ ಪುರಾಣದ ರಾಜ, ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವನು ಚಟ್ನಿಗಾಗಿ ಕಾಯುತ್ತಿದ್ದ ಹೊತ್ತಿನಲ್ಲಿ ಅವನ ಇಡ್ಲಿಯ ಅಂಚು ಮೆಲ್ಲಗೆ ನೀಲಿಯಾಯಿತು. ಆಮೇಲೆ ನಡು. ಆಮೇಲೆ ಪಕ್ಕದ ಮೇಜು. ಆರುತ್ತ ಆರುತ್ತ ಇಡೀ ಹೋಟೆಲಿನ ಇಡ್ಲಿಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದವು.

ರಾಜ ಎದ್ದು ನಿಂತ. “ಯೋವ್! ಎನ್ನಯ್ಯಾ ಇದು, ಇಡ್ಲಿಕ್ಕು ಯಾರು ಮೇಕಪ್ ಪೋಟ್ಟದು?” ಎಂದು ಗುಡುಗಿದ. ಇಡ್ಲಿಗೆ ಮೇಕಪ್ ಹಾಕಿದವರು ಯಾರೆಂಬುದು ಅವನ ಪ್ರಶ್ನೆ.

ಮೂಲೆಯಿಂದ ಸ್ಟುಡಿಯೋದ ಲೈಟಿನವನೊಬ್ಬ ತಮಿಳಿನಲ್ಲೇ ಕೂಗಿ ಹೇಳಿದ, “ಪಿಕ್ಚರೆಲ್ಲ ಕಲರಿಗೆ ಬಂತು, ಇಡ್ಲಿ ಬರಬಾರದಾ?”

ನಗು ಎದ್ದಿತು, ಆದರೆ ಯಾರೂ ತುತ್ತು ಬಾಯಿಗಿಡಲಿಲ್ಲ. ಅಡುಗೆಯ ಅನಂತಯ್ಯ ಒಳಗಿನಿಂದ ಓಡಿ ಬಂದು, ತಟ್ಟೆ ನೋಡಿ, ಜನಿವಾರ ಹಿಡಿದುಕೊಂಡ. “ರಾಯರೇ, ಸ್ನಾನ ಮಾಡದೆ ನಾನು ಉದ್ದು ಮುಟ್ಟಿದವನಲ್ಲ. ಇದು ನನ್ನ ಕೈಯ ತಪ್ಪಲ್ಲ. ಪಾತ್ರೆಯ ಕಿಲುಬೂ ಅಲ್ಲ, ಬೇಕಾದರೆ ನೆಕ್ಕಿ ತೋರಿಸ್ತೇನೆ!”

ರಾಯರು ನನ್ನ ತೋಳು ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋದರು. ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಶಾಲೆಯಲ್ಲಿ ಆಲೂಗಡ್ಡೆಯ ಹೋಳಿನ ಮೇಲೆ ಅಯೋಡಿನ್ ಬಿಟ್ಟು ನೀಲಿ ಮಾಡಿದವನಲ್ಲವೇ ನಾನು? ಬ್ಯಾಗಿನಿಂದ ಸೀಸೆ ತೆಗೆದು ಮೂಲೆಯಲ್ಲಿದ್ದ ತಣ್ಣನೆಯ ಅನ್ನದ ಮೇಲೆ ಒಂದು ತೊಟ್ಟು ಹಾಕಿ ಜಾದೂಗಾರನ ಹಾಗೆ ಕೈ ಬೀಸಿದೆ. ಅನ್ನ ಕಪ್ಪುನೀಲಿಯಾಯಿತು. “ಪಿಷ್ಟವೂ ಅಯೋಡಿನ್ನೂ ಸೇರಿದರೆ ಹೀಗೇ ರಾಯರೇ. ಬಿಸಿಯಿರುವಾಗ ಬಣ್ಣ ಕಾಣುದಿಲ್ಲ, ಆರಿದ ಮೇಲೆ ಬರ್ತದೆ!”

“ಸಣ್ಣಕ್ಕೆ ಹೇಳು ಮಾರಾಯ, ಹೊರಗೆ ಕೇಳ್ತದೆ.”

“ಹಿಟ್ಟಿಗೆ ಹಾಕಿದ್ರಾ?”

ಅವರು ಅಕ್ಕಿಮೂಟೆಯ ಮೇಲೆ ಕೂತರು. “ಸುಮತಿ ಮದ್ದು ಕಂಡ್ರೆ ಓಕರಿಸ್ತಾಳೆ. ಅವಳ ಹೊಟ್ಟೆಯಲ್ಲಿ ನಿಲ್ಲುದು ಇಡ್ಲಿ ಒಂದೇ. ಅದಕ್ಕೇ ಹಿಟ್ಟಿಗೆ. ಮೊದಲು ಸ್ವಲ್ಪ ಸ್ವಲ್ಪ ಹಾಕ್ತಿದ್ದೆ, ಎಂತದೂ ಕಾಣ್ತಿರಲಿಲ್ಲ. ನಿನ್ನೆಯ ಪೇಪರು ನೋಡಿ ಅಷ್ಟು ಸಾಲದು ಅನ್ನಿಸಿತು. ಇದ್ದ ಸೀಸೆಗಳನ್ನೆಲ್ಲ ಸುರಿದುಬಿಟ್ಟೆ.”

“ಅವಳೊಬ್ಬಳ ಇಡ್ಲಿಗೆ ಬೇರೆ ಹಿಟ್ಟು ತೆಗೆದಿಡಬಹುದಿತ್ತಲ್ಲ?”

ಅವರು ತಲೆಯೆತ್ತಿ ನನ್ನನ್ನು ನೋಡಿದ ನೋಟ ಇವತ್ತೂ ನೆನಪಿದೆ. ನಾನು ಅವರ ಕುಲವನ್ನೇ ಬೈದಂತಿತ್ತು. “ಮನೆಗೆ ಒಂದು ಹಿಟ್ಟು, ಗಿರಾಕಿಗೆ ಒಂದು ಹಿಟ್ಟು ಮಾಡುವ ಹೋಟೆಲಲ್ಲ ನಂದು. ಒಂದೇ ಕಲ್ಲು, ಒಂದೇ ಪಾತ್ರೆ. ನನ್ನ ಅಪ್ಪನ ಕಾಲದಿಂದ ಹಾಗೇ.”

ಮಗಳನ್ನು ಉಳಿಸಿಕೊಳ್ಳಲು ಆ ಮನುಷ್ಯ ವಡಪಳನಿಗೆ ವಡಪಳನಿಯನ್ನೇ ಅಣುಬಾಂಬಿಗೆ ಸಿದ್ಧಮಾಡಿದ್ದರು.

ಹಾಗಾದರೆ ಮೇಲಿನ ಮನೆಗೂ ಇದೇ ಇಡ್ಲಿ ಹೋಗಿದೆ. ನಾನು ಮೆಟ್ಟಿಲ ಕಡೆಗೆ ಓಡಿದೆ. ಸುಮತಿ ಆಗಲೇ ಮೇಲಿನ ಕಟಾಂಜನ ಹಿಡಿದು ಕೆಳಗಿನ ಗಲಾಟೆ ಕೇಳುತ್ತ ನಿಂತಿದ್ದಳು.

“ಎಂತದಾ ಅದು ಬೊಬ್ಬೆ? ನನ್ನ ಇಡ್ಲಿ ಯಾಕೆ ನೇರಳೆ ಹಣ್ಣಿನ ಹಾಗೆ ಉಂಟು? ಅಲ್ಲಾ, ನಿನ್ನ ಟೈ ಉದ್ದ ಆದದ್ದಾ, ನೀನು ಗಿಡ್ಡ ಆದದ್ದಾ?”

ನಗುವಾಗ ಅವಳ ದನಿ ಒಡೆದಿತ್ತು. ಮೂಗು ಸೋರುತ್ತಿತ್ತು, ಕೆನ್ನೆಯ ತುಂಬ ಗುಳ್ಳೆ. ಸೆರಗು ಸರಿದಾಗ ಕಂಡಿತು: ಕುತ್ತಿಗೆಯ ಮುಂಭಾಗ ಊದಿ, ಕರಿಮಣಿ ಸರ ಅದರ ಮೇಲೆ ಬಿಗಿಯಾಗಿ ಕೂತಿತ್ತು. “ಶೀತ ಬಿಡುದೇ ಇಲ್ಲ” ಎಂದಳು. ನಾನು ಹನಿ ಮಾರಿದ್ದು ಆ ಕುತ್ತಿಗೆಯ ಗ್ರಂಥಿಗೇ.

ಜಟಕಾ ತರಿಸಿ ಕಮಲಮ್ಮನವರ ಕ್ಲಿನಿಕ್ಕಿಗೆ ಹೋದೆವು. ರಾಯರು, ಅವರ ಹೆಂಡತಿ ಸೀತಮ್ಮ, ಸುಮತಿ ಒಳಗೆ. ನಾನು ಸೈಕಲ್ಲಿನಲ್ಲಿ ಹಿಂದೆ. ಆಫೀಸಿಗೆ ಫೋನು ಮಾಡಿಸಿದ್ದರಿಂದ ಶ್ರೀಪತಿಯೂ ಬೆವರು ಸುರಿಸಿಕೊಂಡು ಓಡಿ ಬಂದ. ಡಾಕ್ಟರು ಸುಮತಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿದರು. ನೀರು ನುಂಗಿಸಿ ನೋಡಿದರು. ಹೊಟ್ಟೆಯ ಮೇಲೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

“ಶೀತ, ಗುಳ್ಳೆ, ಊತ, ಎಲ್ಲ ಒಂದೇ ಕಡೆ ಬೊಟ್ಟು ಮಾಡ್ತಿದೆ. ಈ ಹುಡುಗಿಗೆ ಅಯೋಡಿನ್ ಕೊಡ್ತಿರೋರು ಯಾರು?”

ರಾಯರು ಹಿಟ್ಟಿನ ಕಥೆ ಹೇಳಿದರು. ಅವರು ಮುಗಿಸುವ ಮೊದಲೇ ಸೀತಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

“ಅಯ್ಯೋ ದೇವರೇ, ಇವರ ಕಪಾಟಿನಿಂದ ಆ ಸೀಸೆ ತೆಗೆದು ನಾನು ದಿನಾ ಅವಳ ಕಾಫಿಗೆ ಹಾಕ್ತಿದ್ದೆ ಡಾಕ್ಟ್ರೇ. ಹಾಲು, ಬೆಲ್ಲ ಎಲ್ಲ ಹಾಕಿ, ವಾಸನೆ ಬಾರದ ಹಾಗೆ.”

“ಅದಕ್ಕಾ ಸೀಸೆ ಬೇಗ ಬೇಗ ಖಾಲಿ ಆಗ್ತಿದ್ದದ್ದು?” ರಾಯರು ಹೆಂಡತಿಯ ಕಡೆ ತಿರುಗಿದರು. “ನಾನು ಆವಿಯಾಗಿ ಹೋಗ್ತದೆ ಅಂತ ತಿಳ್ಕೊಂಡೆ.”

ಶ್ರೀಪತಿ ಗಂಟಲು ಸರಿಮಾಡಿಕೊಂಡ. ಎಗ್ಮೋರಿನ ಒಂದು ಮದ್ದಿನಂಗಡಿಯಲ್ಲಿ ಅಯೋಡಿನ್ ಮಾತ್ರೆ ಕೊಂಡು, ಸಂಜೆ ವಾಕಿಂಗಿಗೆ ಹೋಗುವಾಗ ಅವಳ ಬಾಯಿಗೆ ತಾನೇ ಹಾಕುತ್ತಿದ್ದನಂತೆ.

“ಅದು ಪೆಪ್ಪರ್‌ಮಿಂಟ್ ಅಲ್ವಾ?” ಸುಮತಿ ಗಂಡನನ್ನು ದಿಟ್ಟಿಸಿದಳು. “ಕಬ್ಬಿಣದ ರುಚಿಯ ಪೆಪ್ಪರ್‌ಮಿಂಟ್ ರೈಲ್ವೆಯವರಿಗೆ ಮಾತ್ರ ಸಿಗುದು ಅಂದ್ರಲ್ಲ!”

ಕಮಲಮ್ಮ ಕನ್ನಡಕ ತೆಗೆದರು. “ಇನ್ನೂ ಯಾರಾದ್ರೂ ಇದ್ದೀರಾ? ಹಾಲಿನವನನ್ನ ಕರೆಸ್ಲಾ?”

“ಒಬ್ಬರಿಗೊಬ್ರು ಯಾಕೆ ಹೇಳ್ಕೊಳ್ಳಿಲ್ಲ?” ಎಂದು ಡಾಕ್ಟರು ಕೇಳಿದ್ದಕ್ಕೆ ಸೀತಮ್ಮ ಮೆಲ್ಲಗೆ, “ಬಸುರಿಯ ಎದುರು ಕೆಟ್ಟದ್ದನ್ನು ಬಾಯಲ್ಲಿ ಆಡುದು ಹೇಗೆ?” ಎಂದರು. ಮೂವರು ಮೂರು ಕಡೆಯಿಂದ ಅದೇ ಹುಡುಗಿಯನ್ನು ಕಾಯುತ್ತಿದ್ದರು, ಒಬ್ಬರ ಬೆನ್ನು ಒಬ್ಬರಿಗೆ ತಿರುಗಿಸಿಕೊಂಡು.

ನಾನು ಪರಿಸ್ಥಿತಿಯನ್ನು ತಿಳಿಗೊಳಿಸಲು ನನ್ನ ರೈಲು ಟವೆಲಿನ ವಿವರಣೆಯನ್ನು ತೆಗೆದೆ. ಕಮಲಮ್ಮ ಅರ್ಧಕ್ಕೇ ತಡೆದರು.

“ಟವೆಲ್ ಹಾಕೋದು ಗಾಡಿ ಬಂದಾಗ ಕಣಯ್ಯ. ಗಾಡಿನೇ ಇಲ್ಲದಾಗ ತಿಂಗಳುಗಟ್ಟಲೆ ಹಳಿ ಮೇಲೆ ಟವೆಲ್ ಹಾಸಿದ್ರೆ ಏನಾಗುತ್ತೆ?” ಆಮೇಲೆ ರಾಯರ ಕಡೆ ತಿರುಗಿ ನಿಧಾನವಾಗಿ ಬಿಡಿಸಿ ಹೇಳಿದರು. ಅಂಥ ಧೂಳು ನಿಜವಾಗಿ ಹೆಚ್ಚಾಗಿ ಬಂದಾಗ, ತಿಳಿದವರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಅಯೋಡಿನ್ ಕೊಟ್ಟರೆ ಆ ಒಂದು ಗ್ರಂಥಿಗೆ ಉಪಯೋಗ. ಮಿಕ್ಕ ಧೂಳಿಗೆ ಅದರಿಂದ ಏನೂ ಆಗದು. ಮೊದಲಿನಿಂದಲೇ ದಿನದಿನವೂ ತುಂಬಿಸಿದರೆ ಗ್ರಂಥಿ ಕೆಲಸ ಬಿಟ್ಟು ಊದಿಕೊಳ್ಳುತ್ತದೆ. ತಾಯಿಗೆ ಹೇಗೋ ಹೊಟ್ಟೆಯ ಕೂಸಿಗೂ ಹಾಗೇ.

“ಕೂಸಿಗೆ ಊದಿದರೆ?” ಎಂದರು ರಾಯರು.

“ಅದರ ಕುತ್ತಿಗೆ ಎಷ್ಟು ದಪ್ಪ ಇರುತ್ತೆ ರಾಯರೇ? ಊತ ಶ್ವಾಸನಾಳ ಒತ್ತಿದ್ರೆ ಹುಟ್ಟಿದ ತಕ್ಷಣ ಉಸಿರಾಡೋದು ಕಷ್ಟ. ಹೆರಿಗೆ ಮನೇಲಿ ಬೇಡ. ಎಗ್ಮೋರಿನ ದೊಡ್ಡಾಸ್ಪತ್ರೇಲಿ ಆಗಲಿ, ಮಕ್ಕಳ ಡಾಕ್ಟರು ಪಕ್ಕದಲ್ಲಿರ್ತಾರೆ, ನಾನೂ ಬರ್ತೀನಿ. ಇವತ್ತಿಂದ ಹನಿ, ಮಾತ್ರೆ, ಪೆಪ್ಪರ್‌ಮಿಂಟು ಏನೂ ಇಲ್ಲ. ಇನ್ನೂ ಸಮಯ ಇದೆ. ನಿಲ್ಲಿಸಿದ್ರೆ ಇಳಿಯೋ ಸಾಧ್ಯತೆನೂ ಇದೆ.”

“ನಾಳೆ ಆ ಧೂಳು ಬಂದುಬಿಟ್ಟರೆ?”

“ರಷ್ಯದವರ ಬಾಂಬು ಇಲ್ಲಿಗೆ ಎಷ್ಟು ತಲುಪಿದ್ಯೋ ನನಗೆ ಗೊತ್ತಿಲ್ಲ. ನಿಮ್ಮ ಮನೆಯವರು ಮೂವರು ಹಾಕಿದ್ದು ತಲುಪಿದೆ.”

ನನ್ನನ್ನು ಹಿಂದೆ ನಿಲ್ಲಿಸಿಕೊಂಡು, ಬಸುರಿಯರಿಗೆ ಕೊಡಕೂಡದೆಂದು ಡಬ್ಬಿಯ ಮೇಲೆ ಯಾಕೆ ಬರೆದಿಲ್ಲ, ಹೋಗಿ ಕೇಳು ಎಂದರು. ಹೋದೆ. ನೀಲಿ ಇಡ್ಲಿಯ ವಿಷಯ ಕೇಳಿದ ದೊರೈಸ್ವಾಮಿ ಮೊದಲು ಹೇಳಿದ್ದು, “ನೋಡು ತಂಬಿ, ನಮ್ಮ ಸರಕು ಕಲಬೆರಕೆ ಅಲ್ಲ ಅಂತ ಆಯ್ತಲ್ಲ!” ಸುಮತಿಯ ವಿಷಯ ಹೇಳಿದ ಮೇಲೆ ಫೋನೆತ್ತಿ ಮನೆಗೆ ಮಾಡಿ, ತಾವು ಒಯ್ದಿಟ್ಟಿದ್ದ ಡಬ್ಬಿಯನ್ನು ಯಾರಾದರೂ ತೆರೆದಿದ್ದೀರಾ ಎಂದು ಕೇಳಿದರು. ಬಾಗಿಲು ಬಡಿಯದಿರಲಿ ಎಂದು ಅದನ್ನು ಅಡ್ಡ ಇಟ್ಟಿದ್ದೇವೆ ಎಂದು ಹೆಂಡತಿ ಹೇಳಿದರಂತೆ. ಅವರು ಒಂದು ದೊಡ್ಡ ಉಸಿರು ಬಿಟ್ಟು, ಫೋನು ಇಟ್ಟು, ಗೋಡೌನಿನವನನ್ನು ಕರೆದರು. ಆ ತಿಂಗಳಲ್ಲೇ ಹನಿಯ ಸೀಸೆಗಳನ್ನು ಅಂಗಡಿಗಳಿಂದ ವಾಪಸ್ಸು ತಂದೆವು. ಹೋಟೆಲುಗಳಿಂದ ತರುವ ಕೆಲಸ ನನ್ನದು. ಹೋದಲ್ಲೆಲ್ಲ ಮತ್ತೆ ಕಾಫಿ, ಜೊತೆಗೆ ಬೈಗುಳ. ಉಳಿದ ರಟ್ಟಿನ ಡಬ್ಬಿಗಳಲ್ಲಿ ಕೆಮ್ಮಿನ ಟಾನಿಕ್ ತುಂಬಿದರು. ಮಳೆಗಾಲ, ಕೊಡೆಯ ಚಿತ್ರ ಚೆನ್ನಾಗಿಯೇ ಒಪ್ಪಿತು.

ಆಮೇಲಿನ ವಾರಗಳು ಕಾಯುವ ವಾರಗಳು. ರಾಯರ ಹೋಟೆಲಿಗೆ ಗಿರಾಕಿಗಳು ಕಡಿಮೆಯಾಗಲಿಲ್ಲ. ಸ್ಟುಡಿಯೋದವರು ಬಂದು ಕೂತು, “ಕಲರ್ ಇದೆಯಾ, ಬ್ಲ್ಯಾಕ್ ಅಂಡ್ ವೈಟಾ?” ಎಂದು ಕೇಳುತ್ತಿದ್ದರು. ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಅನಂತಯ್ಯ ಸೌಟು ಹಿಡಿದು ಕೂರುತ್ತಿದ್ದ. ಒಡೆಯರೇ ಆ ಕಡೆ ಹೆಜ್ಜೆ ಇಟ್ಟರೆ, “ಎಂತ ಬೇಕು ಹೇಳಿ, ನಾನೇ ತಂದುಕೊಡ್ತೇನೆ” ಎಂದು ಅಡ್ಡ ನಿಲ್ಲುತ್ತಿದ್ದ. ರಾಯರು ಪೇಪರು ತರಿಸುವುದನ್ನು ನಿಲ್ಲಿಸಿದರು. ಸುಮತಿಯ ಊತ ಸ್ವಲ್ಪ ಸ್ವಲ್ಪವೇ ಇಳಿಯಿತು, ಕರಿಮಣಿ ಸರ ಸಡಿಲವಾಯಿತು. ಆದರೆ ಹೊಟ್ಟೆಯೊಳಗಿನ ಕುತ್ತಿಗೆಯನ್ನು ನೋಡುವ ಯಂತ್ರ ಆಗ ಇರಲಿಲ್ಲ. ಹೋದಾಗಲೆಲ್ಲ ರಾಯರು ಕಾಫಿ ಇಟ್ಟು ಎದುರಿಗೆ ಕೂತು, “ನಿಂಗೆ ಎಂತ ಅನ್ನಿಸ್ತದೆ?” ಎಂದು ಕೇಳುತ್ತಿದ್ದರು. ನೂರು ಡಾಕ್ಟರ ಮುಂದೆ ನೂರು ಉತ್ತರ ಕೊಟ್ಟವನು ನಾನು. ಅವರ ಮುಂದೆ ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ಹೆರಿಗೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಓಣಿಯಲ್ಲಿ ನಾವು ನಾಲ್ವರಿದ್ದೆವು. ಅದೂ ನಾನು ದಿನಾ ಕೂರುತ್ತಿದ್ದಂಥ ಬೆಂಚೇ. ಅವತ್ತು ಕೂರಲಾಗಲಿಲ್ಲ. ಶ್ರೀಪತಿ ಗೋಡೆಗೆ ಹಣೆಯಿಟ್ಟು ನಿಂತಿದ್ದ. ಬಾಗಿಲು ತೆರೆದು ನರ್ಸೊಬ್ಬಳು ಹೊರಗೋಡಿ, ಏನೋ ಹಿಡಿದುಕೊಂಡು ಒಳಗೋಡಿದಳು. “ಆಯ್ತಾ?” ಎಂದು ಸೀತಮ್ಮ ಕೇಳಿದ್ದು ಅವಳಿಗೆ ಕೇಳಿಸಲಿಲ್ಲ. ಮಗು ಹುಟ್ಟಿತೆಂದು ಗೊತ್ತಾಯಿತು, ಅಳು ಮಾತ್ರ ಬರಲಿಲ್ಲ. ಪಕ್ಕದ ವಾರ್ಡಿನಲ್ಲಿ ಬೇರೆಯವರ ಮಕ್ಕಳು ಧಾರಾಳವಾಗಿ ಅಳುತ್ತಿದ್ದವು. ರಾಯರು ಬಾಗಿಲಿಗೆ ಕಿವಿಯಿಟ್ಟು ನಿಂತರು.

ಆಮೇಲೆ ಬೆಕ್ಕಿನ ಮರಿಯದಂಥ ಒಂದು ಕೀಚಲು. ನಿಂತುಹೋಯಿತು. ಮತ್ತೊಂದು. ಕೊನೆಗೆ ಒಡೆದ ಪೀಪಿಯ ಹಾಗೆ ಒರಟಾದ, ನಿಲ್ಲದ ಅಳು.

ಕಮಲಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ತನಕ ತಂದರು. “ಹೆಣ್ಣು. ಕುತ್ತಿಗೆ ಸ್ವಲ್ಪ ದಪ್ಪ ಇದೆ, ನೋಡಿ. ಮೊದಲು ಉಸಿರೆಳೆಯೋಕೆ ಕಷ್ಟಪಟ್ಲು, ಈಗ ಸರಿಯಾಗಿದೆ. ಊತ ಕೆಲವು ವಾರದಲ್ಲಿ ಇಳಿಯುತ್ತೆ. ಅಲ್ಲೀವರೆಗೆ ಇಲ್ಲಿಯವರ ಕಣ್ಣ ಮುಂದೆ ಇರಲಿ. ಸುಮತಿ ಚೆನ್ನಾಗಿದ್ದಾಳೆ.”

ಸೀತಮ್ಮ ಕಣ್ಣೊರೆಸಿಕೊಂಡು ಸೆರಗಿನ ಗಂಟು ಬಿಚ್ಚಿದರು. ಒಳಗೆ ಒಂದು ಪುಟ್ಟ ಭರಣಿ, ಚಿನ್ನ ತೇದ ಜೇನುತುಪ್ಪ. ಹುಟ್ಟಿದ ಮಗುವಿನ ನಾಲಗೆಗೆ ಮೊದಲು ಅದನ್ನು ನೆಕ್ಕಿಸುವುದು ಅವರ ಮನೆಯ ಕ್ರಮ. ಬೆರಳು ಅದ್ದಿ ಮುಂದೆ ಚಾಚಿದರು. ರಾಯರು ಅವರ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದರು.

“ಬೇಡ.”

“ಒಂದೇ ಒಂದು ಹನಿ ಅಲ್ವಾ?”

“ಹನಿ ಎಂಬ ಶಬ್ದ ನನ್ನ ಎದುರು ಎತ್ತಬೇಡ. ಡಾಕ್ಟ್ರು ಹೇಳುವ ತನಕ ತಾಯಿಯ ಹಾಲು. ಬೇರೆ ಎಂತದೂ ಇಲ್ಲ, ಯಾರ ಕೈಯಿಂದಲೂ ಇಲ್ಲ.”

ಶ್ರೀಪತಿ ಮೆಲ್ಲಗೆ ಹಿಂದೆ ಸರಿದು ಜೇಬುಗಳನ್ನೆಲ್ಲ ತಡವಿ ನೋಡಿಕೊಂಡ. ನಾನು ಬ್ಯಾಗನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿದೆ.

ಮಗು ಕೆಂಪಗೆ ಬಾಯಿ ತೆರೆದು ಕಿರುಚುತ್ತಲೇ ಇತ್ತು. ಹೋಟೆಲಿನಲ್ಲಿ ಒಬ್ಬ ಗಿರಾಕಿ ಬರಿಯ ಎಲೆಯ ಮುಂದೆ ಕೂತಿರುವುದನ್ನೂ ನೋಡಲಾರದವರು ರಾಯರು. ಅವರು ಚಡಪಡಿಸಿ, “ಹಸಿವೆಯೋ ಏನೋ ಡಾಕ್ಟ್ರೇ” ಎಂದರು.

“ಇರಬಹುದು. ಈಗ ತಾಯಿ ಹತ್ರ ಕೊಡ್ತೀನಿ. ಒಂದು ನಿಮಿಷ ಅಳಲಿ, ಉಸಿರು ಚೆನ್ನಾಗಿ ತೆರೆಯುತ್ತೆ.”

ರಾಯರು ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು ಮೊಮ್ಮಗಳು ಅಳುವುದನ್ನು ಕೇಳುತ್ತ ನಿಂತರು.